ಬುಟ್ಟಿಯ ಮೇಲಿನ ರೊಟ್ಟಿ

ರೋಮಿನಲ್ಲಿ ಬ್ಯಾಟರಿ ಗಾಡಿ ಓಡಿಸುವ ಸೆತ್ತಿಮಿಯಾಗೆ ಅದು ಆ ದಿನದ ಮೂರನೆಯ ಸುತ್ತು. ಮೆತ್ತನೆಯ ಸೀಟು, ತಲೆಗೆ ನೆರಳು, ಕೈಗೆ ತಣ್ಣನೆಯ ನೀರು. ಆದಿ ಕ್ರೈಸ್ತರ ಚರ್ಚು, ನೆಲದಡಿಯ ಗೋರಿಗಳನ್ನೆಲ್ಲ ಕಾಲು ನೋಯಿಸಿಕೊಳ್ಳದೆ ನೋಡಿ ಎಂದು ಅವಳ ಕಂಪನಿ ಸಾರುತ್ತಿತ್ತು. ನೋಡುವವರ ಕಾಲೇನೋ ನೋಯುತ್ತಿರಲಿಲ್ಲ, ಬ್ರೇಕು ಒತ್ತಿ ಒತ್ತಿ ಸೆತ್ತಿಮಿಯಾಳ ಮಂಡಿ ಸವೆದಿತ್ತು. ಮನೆಗೆ ಹೋಗಿ ಬಿಸಿನೀರಿನಲ್ಲಿ ಕಾಲಿಟ್ಟು ಕೂತರೆ ಸಾಕಾಗಿತ್ತು ಅವಳಿಗೆ.

ಹಿಂದಿನ ಸೀಟಿನಲ್ಲಿದ್ದವರು ಒಬ್ಬರೇ, ಎಂಬತ್ತನಾಲ್ಕರ ಸಿಸ್ಟರ್ ಕ್ರೊಚಿಫಿಸ್ಸಾ. ಇದೇ ಊರಿನ ಮಠದಲ್ಲಿ ಅರವತ್ತು ವರ್ಷ ಚರ್ಚಿನ ಬಲಿಪೂಜೆಯಲ್ಲಿ ಹಂಚುವ ರೊಟ್ಟಿ ಸುಟ್ಟವರು. ಕೈ ನಡುಗಿ ರೊಟ್ಟಿಯ ಅಂಚು ಸೀಯತೊಡಗಿದ ಮೇಲೆ ಮಠದ ಮದರ್ ಕಳೆದ ತಿಂಗಳು ಅವರನ್ನು ಒಲೆಯಿಂದ ಬಿಡಿಸಿದ್ದರು. ಸಮಾಧಾನಕ್ಕೆಂದು ತಂಗಿಯ ಮಗಳು ಈ ಸವಾರಿ ಕೊಡಿಸಿದ್ದಳು.

ಎರಡು ಚರ್ಚುಗಳ ಮುಂದೆ ಗಾಡಿ ನಿಂತಿತು. ಸಿಸ್ಟರ್ ಇಳಿಯಲಿಲ್ಲ.

"ಇವೆಲ್ಲ ಬೇಡ ಮಗಳೇ. ಆಪ್ಪಿಯಾ ರಸ್ತೆ ಗೋರಿ ಒಳಗೆ, ಗೋಡೆ ಮೇಲೆ ರೊಟ್ಟಿ ಬುಟ್ಟಿ ಚಿತ್ರ ಇದೆಯಂತಲ್ಲ, ಅದೊಂದು ತೋರಿಸಿಬಿಡು. ಅರವತ್ತು ವರ್ಷದಿಂದ ಕೇಳ್ತಾನೇ ಇದೀನಿ."

ಅಲ್ಲಿಗೆ ಹೋದರೆ, ಅರವತ್ತೆರಡು ಮೆಟ್ಟಿಲು, ಕೋಲು ಹಿಡಿದವರನ್ನು ಬಿಡುವುದಿಲ್ಲ ಎಂದ ಬಾಗಿಲಿನವನು. ಫೋಟೋ ತೆಗೆಯುವ ಹಾಗೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಸಿಸ್ಟರ್ ಕಲ್ಲುಬೆಂಚಿನ ಮೇಲೆ ಕುಸಿದರು. ಕಣ್ಣು ತುಂಬಿಕೊಂಡಿತು.

ಸೆತ್ತಿಮಿಯಾ ತನ್ನ ಗಿಳಿಪಾಠ ಒಪ್ಪಿಸಿದಳು. "ಐದು ರೊಟ್ಟಿ ಸಿಸ್ಟರ್. ದುಂಡಗೆ, ಬೆಳ್ಳಗೆ, ಎಲ್ಲಾ ಒಂದೇ ಸಮ."

"ಒಂದೇ ಸಮ ಐದು ರೊಟ್ಟಿ ಯಾವ ಒಲೇಲಿ ಬೇಯುತ್ತೆ? ನೀನು ನೋಡಿ ಎಷ್ಟು ದಿನ ಆಯ್ತು?"

"ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ."

"ಹಾಗಂದ್ರೆ ನೋಡಿಲ್ಲ ಬಿಡು."

"ಮಂಡಿ ನೋವು ಸಿಸ್ಟರ್."

ಸಿಸ್ಟರ್ ನಡುಗುವ ಕೈಗಳನ್ನು ನಿಲುವಂಗಿಯ ತೋಳಿನೊಳಗೆ ಎಳೆದುಕೊಂಡರು. ಸೆತ್ತಿಮಿಯಾಗೆ ನಾಚಿಕೆಯಾಯಿತು. ಹನ್ನೊಂದು ವರ್ಷ ಬಾಗಿಲಲ್ಲೇ ಕೂತು ಒಳಗಿನದನ್ನು ಮಾರಿದ್ದಳು. ಕಂಪನಿಯನ್ನೂ ಮಂಡಿಯನ್ನೂ ಬೈದುಕೊಳ್ಳುತ್ತ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಕೆಳಗೆ ಚಳಿಯಿತ್ತು. ಮಂದ ದೀಪದಲ್ಲಿ ಬುಟ್ಟಿ ಕಂಡಿತು. ಬಣ್ಣ ಮಾಸಿತ್ತು. ಬೆರಳು ಮಡಿಸಿ ಎಣಿಸಿದಳು, ಆರು. ಒಂದು ಸೊಟ್ಟ, ಇನ್ನೊಂದು ಉಬ್ಬಿತ್ತು. ಎಲ್ಲಕ್ಕಿಂತ ಮೇಲಿನದನ್ನು ನೋಡಿ ಅವಳು ಅಲ್ಲೇ ನಿಂತುಬಿಟ್ಟಳು. ಮುಂದೆ ನಡೆಯಮ್ಮ ಎಂದು ಒಳಗಿನವನು ಗದರಿದ ಮೇಲೆಯೇ ಹೊರಳಿದ್ದು.

ಹತ್ತಿ ಬರುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ಬೆಂಚಿನ ಮೇಲೆ ಸಿಸ್ಟರ್ ಪಕ್ಕದಲ್ಲೇ ಕೂತಳು.

"ಆರಿದಾವೆ ಸಿಸ್ಟರ್. ಒಂದರ ಹಾಗೆ ಒಂದಿಲ್ಲ. ಒಂದು ಸೀದಿದೆ, ಅಂಚೆಲ್ಲ ಕಪ್ಪು."

"ಒಲೆ ಹಿಂಬದಿ ಕಾವು ಜಾಸ್ತಿ ಆಗಿರಬೇಕು," ಎಂದರು ಸಿಸ್ಟರ್ ತಕ್ಷಣ. ಆಮೇಲೆ ಮೆಲ್ಲಗೆ ಕೇಳಿದರು, "ಸೀದಿದ್ದನ್ನೂ ಬುಟ್ಟಿಗೆ ಹಾಕಿದಾರಾ?"

"ಎಲ್ಲದರ ಮೇಲೆ ಇಟ್ಟಿದಾರೆ."

ಸಿಸ್ಟರ್ ಕೈಗಳು ತೋಳಿನಿಂದ ಹೊರಬಂದು ಮಡಿಲಲ್ಲಿ ನಡುಗುತ್ತ ಕೂತವು. ಈಗ ಅವುಗಳನ್ನು ಮುಚ್ಚಿಕೊಳ್ಳಲಿಲ್ಲ.

"ಇನ್ನೂ ಎರಡು ಜಾಗ ಬಾಕಿ ಇದೆ ಸಿಸ್ಟರ್."

"ಬೇಡ, ಮಠಕ್ಕೆ ಬಿಡು," ಎಂದರು ಕೋಲು ಊರಿ ಏಳುತ್ತ. "ಮದರ್ ಹತ್ರ ಸ್ವಲ್ಪ ಮಾತಾಡೋದಿದೆ."