ನೂರೈವತ್ತು ಮೀಟರ್ ಕೇಬಲ್

ಊರಿಗೆಲ್ಲ ಅವಳು ಕೌಂಟರ್ ಅಕ್ಕ. ಪೇಟೆಯ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಗಾಜಿನ ಹಿಂದೆ ಕೂತು, "ಡಾಕ್ಟರ್ ಗುರುವಾರ ಸಿಗ್ತಾರೆ" ಎಂದು ಹೇಳಿ ಹೇಳಿ ಆ ಹೆಸರು ಅಂಟಿಕೊಂಡಿತ್ತು. ಈಗ ಆಸ್ಪತ್ರೆಯವರು ಕೌಂಟರನ್ನೇ ಎತ್ತಿಬಿಟ್ಟಿದ್ದರು. ಇನ್ನು ಎಲ್ಲವೂ ಮನೆಯಿಂದಲೇ, ಫೋನಿನಲ್ಲೇ. ಮನೆಯಲ್ಲಿ ಕೇಬಲ್ ಇಂಟರ್ನೆಟ್ ಇದ್ದವರಿಗೆ ಕೆಲಸ, ಇಲ್ಲದವರಿಗೆ ದೊಡ್ಡ ನಮಸ್ಕಾರ. ಇವತ್ತು ನಾಲ್ಕು ಗಂಟೆಗೆ ಸೂಪರ್‌ವೈಸರ್ ಪರೀಕ್ಷೆಯ ಕರೆ ಮಾಡುವವಳಿದ್ದಳು. ಅಷ್ಟರಲ್ಲಿ ಲೈನ್ ಬರದಿದ್ದರೆ ಜಾಗ ಬೇರೆಯವರ ಪಾಲು.

ಅರ್ಜಿ ಹಾಕಿ ಮೂರು ತಿಂಗಳಾದ ಮೇಲೆ ಕೇಬಲಿನವನು ಬಂದದ್ದು ಇವತ್ತೇ, ಅದೂ ಎರಡೂವರೆಗೆ. ಅವನು ಏಣಿ ಇಳಿಸುವಷ್ಟರಲ್ಲಿ ಅವಳು ಒರೆಸಿದ ಮೇಜನ್ನೇ ನಾಲ್ಕು ಸಲ ಒರೆಸಿದ್ದಳು, ಹೆಡ್‌ಫೋನನ್ನು ಎಡಕ್ಕಿಟ್ಟು ಬಲಕ್ಕಿಟ್ಟು ಮತ್ತೆ ಎಡಕ್ಕೇ ಇಟ್ಟಿದ್ದಳು.

"ಅಕ್ಕಾ, ಕೇಬಲ್ ಸಾಲಲ್ಲ," ಎಂದ ಅವನು ಬಾಗಿಲಲ್ಲಿ ನಿಂತು.

"ಸಾಲಲ್ಲ ಅಂದ್ರೆ? ನೂರೈವತ್ತು ಮೀಟರ್ ಅಂತ ಫಾರಂನಲ್ಲೇ ಬರೆದಿದ್ದೀವಲ್ಲ!"

"ನೂರೈವತ್ತೇ ತಂದಿದ್ದೀನಿ. ಕಂಬದಿಂದ ಬೀದಿ ಸುತ್ತಿ ಬರೋಕೆ ಇನ್ನೂರರ ಮೇಲೆ ಬೇಕು. ಅಳೆದ ಮಹಾನುಭಾವರು ಯಾರು?"

ಅಳೆದದ್ದು ಅವಳ ಗಂಡ. ಹಾಲಿನ ವ್ಯಾನು ಓಡಿಸುವ ಅವನಿಗೆ ಫೋನ್ ಹಚ್ಚಿದಳು. ಆ ಕಡೆ ಕ್ಯಾನುಗಳ ಸದ್ದಿನ ನಡುವೆ ಅವನು ಬಾಯಲ್ಲೇ ಮತ್ತೊಮ್ಮೆ ಲೆಕ್ಕ ಹಾಕಿದ.

"ಅಯ್ಯೋ, ಅಣ್ಣನ ಅಂಗಳ ಹಾದು ಎಣಿಸಿಬಿಟ್ಟೆ ಕಣೇ."

ಕೂತಲ್ಲೇ, ಮನಸ್ಸಿನಲ್ಲೇ, ಚಿಕ್ಕಂದಿನಿಂದ ನಡೆದ ದಾರಿಯಲ್ಲಿ ಹೆಜ್ಜೆ ಎಣಿಸಿ ಬರೆದಿದ್ದ: ಕಂಬ, ಪಕ್ಕದ ಮನೆಯ ಅಣ್ಣನ ಅಂಗಳ, ಕೋಳಿಗೂಡು, ಹಿಂಬಾಗಿಲು, ಮನೆ. ಆ ಹಿಂಬಾಗಿಲಿಗೆ ಚಿಲಕ ಬಿದ್ದು ಎರಡು ವರ್ಷವಾಗಿದೆ ಎಂಬ ಸುದ್ದಿ ಅವನ ಕಾಲುಗಳಿಗೆ ಇನ್ನೂ ತಲುಪಿರಲಿಲ್ಲ.

"ಬೇರೆ ಸುರುಳಿ ತರೋಕೆ ಇನ್ನು ಐದು ದಿನ," ಎಂದ ಕೇಬಲಿನವನು. "ಇಲ್ಲಾಂದ್ರೆ ಆ ಅಂಗಳದ ಮೇಲೆ ಎಳೀಬೇಕು. ಮನೆಯವರನ್ನ ಕೇಳಿ."

ಕೇಳುವುದು! ಎರಡು ಮನೆಗೂ ಒಂದೇ ಕೊಳವೆಬಾವಿ, ಒಂದೇ ಮೋಟರ್ ಇತ್ತು. ಒಂದು ಬೆಳಗ್ಗೆ ಯಾರೋ ಹಾಕಿದ್ದನ್ನು ಆರಿಸಲು ಮರೆತು ಮೋಟರ್ ಸುಟ್ಟುಹೋಯಿತು. ನಾವಲ್ಲ, ನೀವು ಎಂದು ಅಣ್ಣತಮ್ಮಂದಿರು ಗಂಟಲು ಹರಿದುಕೊಂಡರು. ಅಂದಿನಿಂದ ವಾರಗಿತ್ತಿಯರಿಬ್ಬರೂ ಏನಿದ್ದರೂ ಮಧ್ಯೆ ಒಬ್ಬರನ್ನು ಇಟ್ಟುಕೊಂಡೇ ಮಾತಾಡುತ್ತಿದ್ದರು. ಅಂಚೆಯವನು ಸಿಕ್ಕರೆ ಅಂಚೆಯವನು, ಯಾರೂ ಸಿಗದಿದ್ದರೆ ಕೋಳಿ.

ಗಡಿಯಾರ ಮೂರು ತೋರಿಸುತ್ತಿತ್ತು. ಅವಳು ಕೇಬಲಿನವನನ್ನು ಮುಂದೆ ಬಿಟ್ಟುಕೊಂಡು ಹೋದಳು. ಜಗಲಿಯಲ್ಲಿ ವಾರಗಿತ್ತಿ ಬಟ್ಟೆ ಮಡಚುತ್ತಿದ್ದಳು.

"ಅಣ್ಣಾ, ಅವರಿಗೆ ಹೇಳಿ, ತಂತಿ ಅವರ ಅಂಗಳದ ಮೇಲೆ ಹೋಗ್ಬೇಕು ಅಂತ."

ಕೇಬಲಿನವನು ಅವಳನ್ನೂ ನೋಡಿದ, ಮೂರಡಿ ದೂರದಲ್ಲಿದ್ದ ವಾರಗಿತ್ತಿಯನ್ನೂ ನೋಡಿದ. "ಅಮ್ಮಾ, ಕೇಳಿಸ್ತಲ್ಲ?"

"ನನಗೇನೂ ಕೇಳಿಸಿಲ್ಲಪ್ಪ. ನೀನು ಹೇಳಿದ್ರೆ ಕೇಳಿಸುತ್ತೆ."

ಅವನು ಹೇಳಿದ.

"ಹಾಗಾದ್ರೆ ಅವಳಿಗೆ ಹೇಳು. ಎರಡು ವರ್ಷದಿಂದ ಕಾಲಿಡೋಕೆ ಬೇಡವಾದ ಅಂಗಳ ಇವತ್ತು ತಂತಿ ಎಳೆಯೋಕೆ ಬೇಕಾಯ್ತಾ ಅಂತ."

"ಅಮ್ಮಾ, ಊರಿಗೆಲ್ಲ ಇಂಟರ್ನೆಟ್ ಕೊಟ್ಟಿದ್ದೀನಿ. ಮೂರಡಿಗೆ ನಾನೇ ಟವರ್ ಆಗಿದ್ದು ಇದೇ ಮೊದಲು!"

ವಾರಗಿತ್ತಿಯ ತುಟಿ ಒಂಚೂರು ಅಲುಗಿತು. ಆದರೂ ಅವಳು ಕೈಯಲ್ಲಿದ್ದ ಟವೆಲನ್ನು ಕೊಡವಿ ಮತ್ತೆ ಮಡಚಿದಳು. "ಎಳೀಲಿ, ಬೇಡ ಅನ್ನಲ್ಲ. ಒಂದೇ ಮಾತು. ಮೋಟರ್ ಆರಿಸೋಕೆ ಮರೆತದ್ದು ಯಾರು ಅಂತ ಹೇಳಲಿ."

ಕೌಂಟರ್ ಅಕ್ಕ ಕೋಳಿಗೂಡಿನ ಕಡೆ ತಿರುಗಿದಳು. ಆವತ್ತು ಮೋಟರ್ ಹಾಕಿದ್ದು ಅವಳೇ. ಬಸ್ಸಿನ ಹಾರ್ನ್ ಕೇಳಿ ಚೀಲ ಎತ್ತಿಕೊಂಡು ಓಡಿದ್ದಳು. ಅರ್ಧ ದಾರಿಯಲ್ಲಿ ನೆನಪಾಗಿತ್ತು. ಸಂಜೆ ಬರುವಷ್ಟರಲ್ಲಿ ಜಗಳ ಎಷ್ಟು ಮೇಲೇರಿತ್ತೆಂದರೆ, "ನಾನಲ್ಲ" ಎಂದುಬಿಟ್ಟಿದ್ದಳು. ಗಂಡ ಆ ಮಾತು ನಂಬಿ ಒಡಹುಟ್ಟಿದ ಅಣ್ಣನ ಮೇಲೆ ತೋಳೇರಿಸಿ ಹೋಗಿದ್ದ.

ಮೂರು ಹತ್ತು. ಮೂರು ಹನ್ನೆರಡು. ಕೇಬಲಿನವನು ಫೋನ್ ತೆಗೆದು ಮುಂದಿನ ಮನೆಯ ವಿಳಾಸ ನೋಡತೊಡಗಿದ.

"ಅಣ್ಣಾ, ಅವರಿಗೆ ಹೇಳಿ..."

"ಅದೊಂದನ್ನ ಅವನ ಕೈಲಿ ಹೇಳಿಸಬೇಡ," ಎಂದಳು ವಾರಗಿತ್ತಿ, ನೇರವಾಗಿ ಅವಳ ಮುಖ ನೋಡಿ.

"ನಾನೇ ಅಕ್ಕ. ನಾನೇ ಮರೆತದ್ದು."

ವಾರಗಿತ್ತಿ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿದಳು. "ಎರಡು ವರ್ಷ ಕಣೇ! ಒಲೆ ಆರಿಸಿದ್ಯಾ ಮರೆಗುಳಿ, ಬಾಗಿಲು ಹಾಕಿದ್ಯಾ ಮರೆಗುಳಿ ಅಂತ ನಿಮ್ಮ ಭಾವ ದಿನಾ ಕುಟುಕ್ತಾರೆ. ನನಗೇ ನನ್ನ ಮೇಲೆ ಅನುಮಾನ ಬಂದು ರಾತ್ರಿ ಎದ್ದೆದ್ದು ಸ್ವಿಚ್ ನೋಡ್ತೀನಿ." ಗಂಡನ ನಂಬರ್ ಒತ್ತಿ ಫೋನ್ ಮುಂದೆ ಚಾಚಿದಳು. "ತಗೋ, ಅವರಿಗೂ ಹೇಳು. ಹೇಳಿದ ಮೇಲೆ ತಂತಿ."

ಭಾವನಿಗೆ ಹೇಳಿದಳು. ಆ ಕಡೆಯಿಂದ "ಹೂಂ" ಎಂಬುದೊಂದೇ ಬಂತು, ಕರೆ ಕಡಿಯಿತು.

ಆಮೇಲೆ ಏಣಿ ಏರಿತು, ಕೇಬಲ್ ಕೋಳಿಗೂಡಿನ ಮೇಲೆ ಹಾದು ಕಿಟಕಿಯ ಸಂದಿಯಿಂದ ಒಳಗೆ ನುಸುಳಿತು. ಮೂರು ಐವತ್ತಾರಕ್ಕೆ ಮೇಜಿನ ಮೇಲಿಟ್ಟ ಇಂಟರ್ನೆಟ್ ಪೆಟ್ಟಿಗೆಯ ಕೆಂಪು ದೀಪ ಮಿಣುಕಿ ಮಿಣುಕಿ ಹಸಿರಾಯಿತು. ಕೇಬಲಿನವನು ನೀರು ಕುಡಿದು, "ಇನ್ನೊಂದು ಮನೆಗೆ ಟವರ್ ಆಗೋಕೆ ನನ್ನಿಂದಾಗಲ್ಲ," ಎನ್ನುತ್ತ ಹೋದ.

ಸರಿಯಾಗಿ ನಾಲ್ಕಕ್ಕೆ ಕರೆ ಬಂತು. ಸೂಪರ್‌ವೈಸರ್ ರೋಗಿಯಂತೆ ನಟಿಸಿ ಮೊಣಕಾಲು ನೋವು ಎಂದಳು, ಎರಡು ಸಲ ರೇಗಿದಳು, ಹುಟ್ಟಿದ ದಿನಾಂಕ ತಪ್ಪು ಹೇಳಿ ಕಾಡಿದಳು. ಕೌಂಟರ್ ಅಕ್ಕನ ಬೆರಳು ಹೆಡ್‌ಫೋನಿನ ವೈರನ್ನು ಸುತ್ತಿ ಬಿಚ್ಚುತ್ತಲೇ ಇತ್ತು, ದನಿ ಮಾತ್ರ ಹನ್ನೊಂದು ವರ್ಷದ ದನಿ.

"ಲೈನ್ ಚೆನ್ನಾಗಿದೆ. ಸೋಮವಾರ ಎಂಟಕ್ಕೆ ಕೂತ್ಕೊಳ್ಳಿ."

ಕೆಲಸ ಉಳಿಯಿತು. ಎದ್ದು ಕುಣಿಯಬೇಕಿತ್ತು. ಅವಳು ಎದ್ದಳು, ಅಡುಗೆಮನೆಗೆ ಹೋದಳು, ಏಕೆ ಬಂದೆನೆಂದು ತಿಳಿಯದೆ ಹಿಂದಿರುಗಿದಳು. ಅಷ್ಟರಲ್ಲಿ ಗಂಡನ ಫೋನ್.

"ಲೈನ್ ಬಂತಾ?"

"ಬಂತು. ಕೆಲಸಾನೂ ಸಿಕ್ತು."

"ಹೂಂ. ಅಣ್ಣ ಫೋನ್ ಮಾಡಿದ್ದ."

ವ್ಯಾನಿನ ಇಂಜಿನ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಸಿಟ್ಟೋ, ನಗುವೋ, ನೋವೋ, ಹಿಡಿಯಲು ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ದಿನಕ್ಕೆ ಇನ್ನೂರು ಜನರ ದನಿ ಕೇಳಿ ಯಾರಿಗೆ ಎಷ್ಟು ನೋವು ಎಂದು ಹೇಳಬಲ್ಲವಳಿಗೆ ಇದೊಂದು ಗೊತ್ತಾಗಲಿಲ್ಲ.

"ರೀ, ಏನಾದ್ರೂ ಅನ್ನಿ."

"ಫೋನಲ್ಲಿ ಬೇಡ. ಬರ್ತೀನಿ, ಇರು."

ಅವನು ಬರಲು ಇನ್ನೂ ಮುಕ್ಕಾಲು ಗಂಟೆ. ಅವಳು ಹೊಸಿಲವರೆಗೆ ಹೋಗಿ ರಸ್ತೆ ನೋಡಿದಳು, ಒಳಬಂದು ಕೂತಳು, ಕೂರಲಾಗದೆ ಮತ್ತೆ ಎದ್ದಳು.