ಹರಳು ಬದಲಾಯಿಸಿದ ಮೇಲೆ

ಅತ್ತಿಗೆಗೆ ರೇಡಿಯೊ ರಿಪೇರಿ ಕೆಲಸ. ಬೆಸುಗೆ ಕಡ್ಡಿ ಹಿಡಿದಳೆಂದರೆ ಕೈ ಒಂದಿಷ್ಟೂ ನಡುಗದು. ಕಂಪ್ಯೂಟರ್ ವಿಷಯ ಮಾತ್ರ ಅವಳಿಗೆ ಅಷ್ಟಕ್ಕಷ್ಟೇ. ಆದರೂ ನಾದಿನಿಯ ಗೋಳು ನೋಡಲಾಗದೆ ಒಪ್ಪಿಕೊಂಡಳು.

ನಾದಿನಿ ಕಂಪ್ಯೂಟರ್ ಪರದೆಯ ಮೇಲೆ ಗೊಂಬೆಗಳನ್ನು ಆಡಿಸುವವಳು. ಮಕ್ಕಳ ಆಸ್ಪತ್ರೆಯೊಂದಕ್ಕೆ, ಸೂಜಿಗೆ ಹೆದರುವ ಆನೆಯ ಚಿತ್ರ ಮಾಡಿಕೊಡಬೇಕಿತ್ತು. ಅವಳ ಹಳೇ ಕಂಪ್ಯೂಟರ್ ಒಂದೊಂದು ದೃಶ್ಯಕ್ಕೂ ನಾಲ್ಕು ಗಂಟೆ ನುಂಗುತ್ತಿತ್ತು.

"ಆನೆ ಸೊಂಡಿಲು ಎತ್ತೋದ್ರೊಳಗೆ ನನ್ನ ತಲೆ ನೆರೆಯುತ್ತೆ ಅತ್ತಿಗೆ. ಒಳಗೊಂದು ಹರಳು ಇರುತ್ತಂತೆ. ಅದರ ಮಿಡಿತಕ್ಕೆ ಎಲ್ಲ ಹೆಜ್ಜೆ ಹಾಕೋದಂತೆ. ಜೋರಾಗಿ ಮಿಡಿಯೋದನ್ನ ಹಾಕಿದ್ರೆ ಇದೂ ಓಡುತ್ತಂತೆ."

"ಸುಟ್ಟು ಹೋದ್ರೆ?"

"ಹೋದ್ರೆ ಹೋಗ್ಲಿ. ಈಗಲೂ ಇದ್ದೂ ಇಲ್ಲದ ಹಾಗೇ ಅಲ್ವಾ?"

ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಹಳೇ ಚಾದರ ಹಾಸಿ, ಅತ್ತಿಗೆ ಕಂಪ್ಯೂಟರಿನೊಳಗಿನ ಹಸಿರು ಹಲಗೆಯನ್ನು ಬಿಚ್ಚಿದಳು. ಹಳೇ ಹರಳಿದ್ದ, ಉಗುರಿನಷ್ಟು ದೊಡ್ಡ ಬೆಳ್ಳಿ ಬಣ್ಣದ ಡಬ್ಬಿಯನ್ನು ಮೆಲ್ಲಗೆ ಕಿತ್ತಳು. ಅಂಗಡಿಯಿಂದ ಆರಿಸಿ ತಂದಿದ್ದ, ತುಸು ಚುರುಕಾದ ಹರಳನ್ನು ಬೆಸೆದಳು. ಬಿಸಿಯೇರಿದರೆ ಕಷ್ಟವೆಂದು ಟೇಬಲ್ ಫ್ಯಾನನ್ನು ಅದರ ಮುಖಕ್ಕೇ ತಿರುಗಿಸಿದಳು. ಸ್ವಿಚ್ ಒತ್ತಿದಾಗ ಹೊಗೆ ಬರಲಿಲ್ಲ. ಪರದೆ ಬೆಳಗಿತು.

ನಾದಿನಿ ಹಿಂದೊಮ್ಮೆ ಮಾಡಿದ್ದ ದೃಶ್ಯವನ್ನೇ ಮತ್ತೆ ಓಡಿಸಿದಳು. ಕೆಲಸ ಮುಗಿದಾಗ ಪರದೆಯ ಮೂಲೆಯ ಗಡಿಯಾರ ನೋಡಿ ಅವಳ ಮುಖ ಸಪ್ಪಗಾಯಿತು.

"ನಾಲ್ಕು ಗಂಟೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಅತ್ತಿಗೆಗೆ ದಿಕ್ಕೇ ತೋಚಲಿಲ್ಲ. ಬೆಸುಗೆ ಸರಿಯಿದೆ, ಹರಳೂ ಸರಿಯಿದೆ. ಹಾಗಾದರೆ ಇಷ್ಟು ಹೊತ್ತು ಮಾಡಿದ್ದೇನು? ಹಳೆಯದನ್ನೇ ಮತ್ತೆ ಹಾಕಿಬಿಡೋಣವೆಂದು ಬೆಸುಗೆ ಕಡ್ಡಿ ಕಾಯಿಸಲು ಇಟ್ಟಳು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಇಣುಕಿದರು. "ಏನ್ರೇ, ನಾಲ್ಕು ಗಂಟೆ ಬೇಕು ಅಂದಿದ್ರಿ, ಇಷ್ಟು ಬೇಗ ಮುಗೀತಾ? ಶುರು ಮಾಡಿ ಇನ್ನೂ ಮೂರೂವರೆ ಗಂಟೆ ಆಗಿದೆ ಅಷ್ಟೇ."

"ಅಮ್ಮಾ, ನಿನ್ನ ಗೋಡೆ ಗಡಿಯಾರ ಮನಸ್ಸು ಬಂದಾಗ ನಿಲ್ಲುತ್ತೆ," ಎಂದಳು ನಾದಿನಿ.

"ಅದು ಕುಂಟುತ್ತೆ ನಿಜ, ಸುಳ್ಳು ಹೇಳಲ್ಲ!"

ಅತ್ತಿಗೆ ಗೋಡೆ ನೋಡಿದಳು, ಪರದೆ ನೋಡಿದಳು. ಪರದೆಯ ಗಡಿಯಾರ ಅರ್ಧ ಗಂಟೆ ಮುಂದಿತ್ತು. ಯಾವುದನ್ನು ನಂಬುವುದು? ಕಪಾಟಿನ ಮೇಲಿದ್ದ ರೇಡಿಯೊ ತಿರುಗಿಸಿದಳು. ವಾರ್ತೆ ಓದುವವನು ಹೇಳಿದ ಸಮಯ ಗೋಡೆಗೆ ಸರಿಯಾಗಿ ಹೊಂದಿತು. ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

ಯಂತ್ರಕ್ಕೇ ಏನೋ ಆಗಿದೆಯೆಂದು ನಾದಿನಿ ಅದನ್ನು ಆರಿಸಿ ಮತ್ತೆ ಹಚ್ಚಿದಳು. ಈ ಸಲ ಪರದೆಯೂ ಗೋಡೆಯೂ ಒಂದೇ ಸಮಯ ತೋರಿಸಿದವು! ಅತ್ತಿಗೆಗೆ ತಲೆ ಗಿರ್ರೆಂದಿತು. ಈಗಷ್ಟೇ ತಪ್ಪಿದ್ದದ್ದು, ಮುಟ್ಟದೆಯೇ ರಿಪೇರಿಯಾದದ್ದು ಹೇಗೆ? ರೇಡಿಯೊಗಳು ಅವಳಿಗೆ ಹೀಗೆ ಎಂದೂ ಆಟ ಆಡಿಸಿರಲಿಲ್ಲ.

ಕುರ್ಚಿ ಎಳೆದು, ದೀಪ ಬಗ್ಗಿಸಿ, ಹಲಗೆಯನ್ನೇ ದಿಟ್ಟಿಸುತ್ತ ಕೂತಳು. ಬಿಲ್ಲೆಯಂಥ ಬ್ಯಾಟರಿಯ ಪಕ್ಕದಲ್ಲಿ ಅಕ್ಕಿಕಾಳಿನಂಥ ಇನ್ನೊಂದು ಹರಳಿತ್ತು. ಅದನ್ನು ಅವಳು ಮುಟ್ಟಿರಲಿಲ್ಲ.

"ಪುಟ್ಟೀ, ಬಾ ಇಲ್ಲಿ. ಇದು ಆರಿಸಿದಾಗ್ಲೂ ಸಮಯ ಕಾಯ್ಕೊಂಡಿರುತ್ತೆ. ಹಚ್ಚಿದ ತಕ್ಷಣ ಯಂತ್ರ ಇದನ್ನ ಕೇಳುತ್ತೆ. ಆಮೇಲೆ ಇದರ ತಂಟೆಗೆ ಹೋಗದೆ, ದೊಡ್ಡ ಹರಳಿನ ಮಿಡಿತ ಎಣಿಸ್ಕೊಂಡು ತಾನೇ ಗಡಿಯಾರ ನಡೆಸುತ್ತೆ. ನಾವು ದೊಡ್ಡದನ್ನ ಓಡಿಸಿದ್ವಿ. ಕೆಲಸವೂ ಓಡ್ತು, ಗಡಿಯಾರವೂ ಜೊತೆಗೇ ಓಡ್ತು. ಅದರ ಲೆಕ್ಕದಲ್ಲಿ ಈಗಲೂ ನಾಲ್ಕು ಗಂಟೆ, ನಿಜಕ್ಕೆ ಮೂರೂವರೆ."

ನಾದಿನಿ ಕಣ್ಣು ಪಿಳುಕಿಸಿದಳು. "ಹಾಗಾದ್ರೆ ನಾವು ಗೆದ್ವಾ, ಸೋತ್ವಾ?"

"ಗೆದ್ವಿ ಅನ್ಸುತ್ತೆ. ತಾಳು, ಇನ್ನೊಂದ್ಸಲ ಹೇಳ್ತೀನಿ, ಆಗ ನಂಗೂ ಅರ್ಥವಾಗುತ್ತೆ."

ಬೆಸುಗೆ ಕಡ್ಡಿಯ ಪ್ಲಗ್ ಕಿತ್ತು, ಮುಂದಿನ ದೃಶ್ಯ ಹಚ್ಚಿದರು. ಗಡುವಿಗೆ ಮುಂಚೆಯೇ ಆನೆ ಆಸ್ಪತ್ರೆ ಸೇರಿತು. ಮಕ್ಕಳು ನಕ್ಕರೆಂದು ದಾದಿ ಫೋನ್ ಮಾಡಿ ತಿಳಿಸಿದಳು.

ಅತ್ತಿಗೆ ಮಾತ್ರ ಆ ಕೋಣೆಗೆ ಹೋದಾಗಲೆಲ್ಲ ಪರದೆಯ ಮೂಲೆಯಲ್ಲಿ ಮುಂದೋಡಿದ ಗಡಿಯಾರ ನೋಡಿ, ತಾನು ತಡ ಮಾಡಿದೆನೆಂದು ಒಂದು ಕ್ಷಣ ಗಾಬರಿಯಾಗುತ್ತಿದ್ದಳು.