ಬೆಲ್ಟಿಗೆ ಹೋದ ಕೈ

ಬೆನ್ನುಹುರಿಗೆ ಪೆಟ್ಟಾದ ಮೇಲೆ ಇಂದುಶೇಖರ ವಾಕರ್ ಹಿಡಿದು ನಡೆಯುವುದನ್ನು ಹೊಸದಾಗಿ ಕಲಿತಿದ್ದ. ಆವತ್ತು ಗುರುಗ್ರಾಮದ ಪುನರ್ವಸತಿ ಕೇಂದ್ರದಲ್ಲಿ ಅವನ ನಡಿಗೆಯ ಪರೀಕ್ಷೆ. ನೆಲದ ಎರಡು ಪಟ್ಟಿಗಳ ನಡುವಿನ ಹತ್ತು ಮೀಟರನ್ನು ಯಾರೂ ಮುಟ್ಟದಂತೆ ದಾಟಿದರೆ ಆಫೀಸಿಗೆ ಮರಳಲು ಸರ್ಟಿಫಿಕೇಟ್ ಸಿಗುತ್ತಿತ್ತು. ಕಂಪನಿ ಅವನ ಜಾಗವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಕಾದಿರಿಸಿತ್ತು.

“ನನ್ನ ನಡೆನುಡಿಯಲ್ಲಿ ನುಡಿ ಆಗ್ಲೇ ಪಾಸು ಕಣೇ, ಬಾಕಿ ಇರೋದು ನಡೆ,” ಎಂದು ಹೆಂಡತಿ ಹರ್ಷಿಣಿಗೆ ಹೇಳಿ, ಫಿಸಿಯೋ ದಹಿಯಾರ ಗಡಸು ದನಿಯಲ್ಲೇ “ಚಲೋ ಜೀ, ಶುರು!” ಎಂದು ತಾನೇ ಕೂಗಿ ಹೊರಟ. ದಹಿಯಾ ನಗುತ್ತಲೇ ಸ್ಟಾಪ್‌ವಾಚ್ ಒತ್ತಿದರು.

ಹರ್ಷಿಣಿ ಪಕ್ಕದಲ್ಲೇ ನಡೆದಳು. ಕೊನೆಯ ಪಟ್ಟಿಯ ಹತ್ತಿರ ಅವನು ಒಂದು ಕಡೆಗೆ ವಾಲಿದ. ಮನೆಯಲ್ಲಿ ದಿನವೂ ಹಿಡಿಯುವಂತೆ ಅವಳ ಕೈ ತಾನಾಗಿ ಅವನ ಬೆಲ್ಟಿಗೆ ಹೋಯಿತು.

“ಭಾಭೀಜಿ, ಹಾಥ್ ಲಗ್ ಗಯಾ,” ನಿಮ್ಮ ಕೈ ತಾಗಿಬಿಟ್ಟಿತು ಎಂದು ದಹಿಯಾ ಸ್ಟಾಪ್‌ವಾಚ್ ನಿಲ್ಲಿಸಿದರು. ಇನ್ನೊಬ್ಬರ ಸಹಾಯ ಬೇಕಾಯಿತೆಂದೇ ಬರೆಯಬೇಕು, ಮತ್ತೆ ಪರೀಕ್ಷೆ ಮುಂದಿನ ತಿಂಗಳೇ ಎಂದರು.

“ಬೀಳ್ತಿದ್ರಲ್ಲಾ ರೀ!” ಎಂದಳು ಹರ್ಷಿಣಿ.

“ವಾಲಿದ್ದೆ ಅಷ್ಟೇ. ಬೀಳ್ತಿರಲಿಲ್ಲ.”

ಅದು ಅವಳಿಗೂ ಗೊತ್ತಾಗಿತ್ತು. ಬೆಲ್ಟ್ ಹಿಡಿದಾಗ ಅವಳ ಕೈಗೆ ಅವನ ಭಾರವೇ ಬಿದ್ದಿರಲಿಲ್ಲ.